ಲೆಕ್ಕ ನೋಡುವವನ ಕುರ್ಚಿ ಎಲ್ಲಿರಬೇಕು?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ, ಲೆಕ್ಕಪರಿಶೋಧನಾ ಕಚೇರಿಯೊಂದರ ಮುಖ್ಯಸ್ಥರಾಗಿ ನಿವೃತ್ತರಾದ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ರಜತ ಮಹೋತ್ಸವವೆಂದರೆ ಹಬ್ಬ. ಹಬ್ಬದ ಮನೆಗೆ ಆಡಿಟರನ್ನು ಯಾರೂ ಕರೆಯುವುದಿಲ್ಲ. ನಾನು ನೌಕರಿಯಲ್ಲಿದ್ದ ಕಾಲದಲ್ಲಿ ಬಸ್ಸಿಳಿದು ಸಂಘದ ಕಡೆ ಹೆಜ್ಜೆ ಹಾಕಿದರೆ ಎಷ್ಟೋ ಕಾರ್ಯದರ್ಶಿಗಳಿಗೆ ಅವತ್ತೇ ಜ್ವರ ಬರುತ್ತಿತ್ತು. ನಿಮ್ಮ ಅಧ್ಯಕ್ಷರು ನಮ್ಮ ಮನೆಗೆ ಬಂದು, "ನೀವು ಬಂದು ಎರಡು ಮಾತಾಡಬೇಕು, ಲೆಕ್ಕದ ವಿಷಯವೇ ಆಗಲಿ" ಎಂದಾಗ ನನಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ಆಡಿಟರನ್ನು ಹಾರ ಹಾಕಿ ಕರೆಯುವ ಸಂಘಕ್ಕೆ ಹೆದರಿಕೆ ಕಡಿಮೆ ಇರಬೇಕು ಎಂದುಕೊಂಡೇ ಬಂದಿದ್ದೇನೆ.

ಈ ದಿನ ನಾನು ಒಂದೇ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಒಂದು ಇಲಾಖೆಯಾಗಲಿ, ಒಂದು ಸಂಘವಾಗಲಿ, ಅದರ ಲೆಕ್ಕ ನೋಡುವವನ ಕುರ್ಚಿ ಎಲ್ಲಿರಬೇಕು? ತೀರ ಹೊರಗಿದ್ದರೆ ಒಳಗಿನ ಸಂಗತಿ ಅವನಿಗೆ ಕಾಣುವುದಿಲ್ಲ. ತೀರ ಒಳಗಿದ್ದರೆ ಕಂಡದ್ದನ್ನು ಹೇಳಲು ಬಾಯಿ ಬರುವುದಿಲ್ಲ. ಈ ಇಕ್ಕಟ್ಟು ಬರೀ ನಮ್ಮೂರಿನ ಡೇರಿಯದಲ್ಲ. ದೊಡ್ಡ ದೊಡ್ಡ ಸರ್ಕಾರಗಳೂ ಇದರಲ್ಲೇ ಸಿಕ್ಕಿ ಒದ್ದಾಡಿವೆ. ಅದಕ್ಕೆ ಮುಂಚೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ತಪ್ಪು ಹುಡುಕುತ್ತಲೇ ಜೀವನ ಕಳೆದವನು ತನ್ನದನ್ನು ಮೊದಲು ಹೇಳುವುದು ನ್ಯಾಯ.

ನಾನು ನೌಕರಿಗೆ ಸೇರಿದ ಹೊಸತು, 1980ರ ದಶಕ. ಒಂದು ಸಣ್ಣ ಹಾಲು ಉತ್ಪಾದಕರ ಸಂಘದ ಆಡಿಟ್‌ಗೆ ಹೋಗಿದ್ದೆ. ಊರಿಗೆ ದಿನಕ್ಕೆ ಒಂದೇ ಬಸ್ಸು. ಹೋಟೆಲಿಲ್ಲ. ಮೂರು ದಿನವೂ ಕಾರ್ಯದರ್ಶಿಯವರ ಮನೆಯಲ್ಲೇ ಊಟ, ಅಲ್ಲೇ ಜಗಲಿಯ ಮೇಲೆ ಮಲಗು. ಬಹಳ ಒಳ್ಳೆಯ ಮನುಷ್ಯ. ಅವರ ತಾಯಿ ನನಗೆ ಮಗನಿಗೆ ಬಡಿಸಿದ ಹಾಗೆ ಮುದ್ದೆ ಬಡಿಸಿದರು. ಕೊನೆಯ ದಿನ ನಗದು ಪುಸ್ತಕದ ಪ್ರಕಾರ ಕೈಯಲ್ಲಿ ಮೂರು ಸಾವಿರದ ಚಿಲ್ಲರೆ ಹಣ ಇರಬೇಕಿತ್ತು. "ಹಣ ತೋರಿಸಿ" ಎಂದೆ. "ಪೆಟ್ಟಿಗೆ ಬೀಗದ ಕೈ ನಮ್ಮ ತಮ್ಮ ಪೇಟೆಗೆ ತಗೊಂಡು ಹೋಗಿದ್ದಾನೆ ಸಾರ್, ನಾಳೆ ತೋರಿಸ್ತೀನಿ" ಎಂದರು. ನಾಳೆಗೆ ನಾನು ಇರುವುದಿಲ್ಲ, ಬಸ್ಸು ಹೊರಡುತ್ತೆ. ಮೂರು ದಿನ ಅವರ ಮನೆ ಅನ್ನ ಉಂಡ ಬಾಯಿಂದ "ಬೀಗ ಒಡೆಯಿರಿ" ಎನ್ನಲು ಆಗಲಿಲ್ಲ. "ನಗದು ಶಿಲ್ಕು ಪರಿಶೀಲಿಸಲಾಗಿದೆ" ಎಂದು ಬರೆದು ಸಹಿ ಹಾಕಿ ಬಂದೆ.

ಮರುವರ್ಷ ಹೋದಾಗ ಕೊರತೆ ಹನ್ನೊಂದು ಸಾವಿರ ದಾಟಿತ್ತು. ಮೂರು ವಾರದ ಬಟವಾಡೆ ನಿಂತುಹೋಗಿತ್ತು. ಆ ಕಾರ್ಯದರ್ಶಿ ಮನೆಯಲ್ಲಿ ಯಾರದೋ ಕಾಯಿಲೆಗೆಂದು ಮೊದಲು ಒಂದಿಷ್ಟು ಕೈಗಡ ತೆಗೆದಿದ್ದರು, ಕಟ್ಟೋಣ ಎಂದುಕೊಂಡಿದ್ದರು, ಕಟ್ಟಲು ಆಗಿರಲಿಲ್ಲ. ನಾನು ಹಿಂದಿನ ವರ್ಷವೇ ಪೆಟ್ಟಿಗೆ ತೆಗೆಸಿದ್ದರೆ ಎರಡು ಕುರಿ ಮಾರಿ ಕಟ್ಟಿಬಿಡುತ್ತಿದ್ದರು. ಮಾನವೂ ಉಳಿಯುತ್ತಿತ್ತು, ನೌಕರಿಯೂ ಉಳಿಯುತ್ತಿತ್ತು. ನಾನು ಲೆಕ್ಕ ಬರೆಯುತ್ತಾ ಕೂತಿದ್ದಾಗ ಒಬ್ಬ ಮುದುಕಿ ಬಾಗಿಲ ಹತ್ತಿರ ನಿಂತು ಕೇಳಿದಳು: "ಹೋದ್ ವರ್ಸ ಬಂದಿದ್ದೋರೂ ನೀವೇ ಅಲ್ವ ಸ್ವಾಮಿ? ಎಲ್ಲಾ ಸರಿಯಾಗೈತೆ ಅಂತ ಬರ್ದೋರೂ ನೀವೇ ಅಲ್ವ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಆದರೆ ಅವತ್ತು ನನಗೆ ಒಂದು ಅರ್ಥವಾಯಿತು. ಲಂಚ ತೆಗೆದುಕೊಂಡವನು ಮಾತ್ರ ಕೆಟ್ಟ ಆಡಿಟರು ಎಂದು ನಾನು ತಿಳಿದಿದ್ದೆ. ಹಾಗಲ್ಲ. ದಾಕ್ಷಿಣ್ಯಕ್ಕೆ ಬಿದ್ದವನೂ ಅಷ್ಟೇ ಹಾಳು ಮಾಡುತ್ತಾನೆ. ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮುಂದೆ ನಾನೇ ಒಂದು ಕಚೇರಿಯ ಮುಖ್ಯಸ್ಥನಾದೆ. ಆಗ ಪ್ರಶ್ನೆ ಇನ್ನೂ ದೊಡ್ಡದಾಯಿತು. ನಾನೊಬ್ಬ ಗಟ್ಟಿಯಾಗಿದ್ದರೆ ಸಾಲದು. ನನ್ನ ಕೈಕೆಳಗಿನ ಹುಡುಗರೂ ದಾಕ್ಷಿಣ್ಯಕ್ಕೆ ಬೀಳದಂತೆ, ಯಾರ ಬೆದರಿಕೆಗೂ ಜಗ್ಗದಂತೆ ಕಚೇರಿಯನ್ನು ಹೇಗೆ ನಡೆಸುವುದು? ಆ ಕಾಲದಲ್ಲಿ ಬೇರೆ ದೇಶಗಳಲ್ಲಿ ಇದನ್ನು ಹೇಗೆ ಮಾಡಿದ್ದಾರೆಂದು ಸಿಕ್ಕಿದ್ದನ್ನು ಓದಿದೆ. ಅದರಲ್ಲಿ ಅಮೆರಿಕದ ಕೃಷಿ ಇಲಾಖೆಯ ಕಥೆಯೊಂದು ನನ್ನ ಮನಸ್ಸಿನಲ್ಲಿ ನಾಟಿ ಕೂತಿದೆ. ರೈತರ ಕಥೆ, ಗೊಬ್ಬರದ ಕಥೆ. ನಿಮಗೂ ಚೆನ್ನಾಗಿ ಅರ್ಥವಾಗುತ್ತದೆ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಬಿಲ್ಲಿ ಸಾಲ್ ಎಸ್ಟೆಸ್ ಎಂಬ ವ್ಯಾಪಾರಿಯಿದ್ದ. ಆ ದೇಶದಲ್ಲಿ ಅಮೋನಿಯಾವನ್ನು ದೊಡ್ಡ ಉಕ್ಕಿನ ಟ್ಯಾಂಕುಗಳಲ್ಲಿ ತುಂಬಿಟ್ಟು ಗೊಬ್ಬರವಾಗಿ ಭೂಮಿಗೆ ಕೊಡುತ್ತಾರೆ. ಈತ ರೈತರ ಹತ್ತಿರ ಹೋಗಿ, "ನಿಮ್ಮ ಹೆಸರಲ್ಲಿ ಟ್ಯಾಂಕು ಸಾಲಕ್ಕೆ ಕೊಂಡ ಹಾಗೆ ಒಂದು ಸಹಿ ಹಾಕಿ. ಟ್ಯಾಂಕನ್ನು ನಾನೇ ಬಾಡಿಗೆಗೆ ಇಟ್ಟುಕೊಳ್ಳುತ್ತೇನೆ, ಕಂತು ನಾನೇ ಕಟ್ಟುತ್ತೇನೆ, ನಿಮ್ಮ ತೊಂದರೆಗೆ ಇಷ್ಟು ದುಡ್ಡು" ಎಂದ. ರೈತರು ಸಹಿ ಹಾಕಿದರು. ಆ ಪತ್ರಗಳನ್ನು ಅಡವಿಟ್ಟು ಕೋಟ್ಯಂತರ ಡಾಲರ್ ಸಾಲ ಎತ್ತಿದ. ಆದರೆ ಬಹುಪಾಲು ಟ್ಯಾಂಕುಗಳು ಇರಲೇ ಇಲ್ಲ! ಸಾಲ ಕೊಟ್ಟವರು ನೋಡಲು ಬಂದರೆ ಇದ್ದ ಕೆಲವೇ ಟ್ಯಾಂಕುಗಳ ನಂಬರ್ ಫಲಕ ಬದಲಾಯಿಸಿ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದ. ನಮ್ಮಲ್ಲಿ ಒಂದೇ ಎಮ್ಮೆಯನ್ನು ಮೂರು ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ ಮೂರು ಸಾಲ ತೆಗೆದ ಕಥೆಗಳನ್ನು ಕೇಳಿದ್ದೀರಲ್ಲ, ಹಾಗೆ. ಇದರ ಜೊತೆಗೆ ಹತ್ತಿ ಬೆಳೆಯಲು ಸರ್ಕಾರ ರೈತರಿಗೆ ಕೊಡುತ್ತಿದ್ದ ಹಕ್ಕನ್ನೂ ಅಕ್ರಮವಾಗಿ ತನ್ನ ಕಡೆಗೆ ವರ್ಗಾಯಿಸಿಕೊಂಡಿದ್ದ.

ಊರಿನ ಒಂದು ಸಣ್ಣ ಪತ್ರಿಕೆ ಇದನ್ನು ಬಯಲಿಗೆಳೆಯಿತು. 1962ರಲ್ಲಿ ಆತನ ಬಂಧನವಾಯಿತು. ಆಗ ಎದ್ದ ಪ್ರಶ್ನೆ: ಹತ್ತಿ ಹಕ್ಕಿನ ವ್ಯವಹಾರ ಕೃಷಿ ಇಲಾಖೆಯ ಕಣ್ಣೆದುರೇ ನಡೆಯಿತಲ್ಲ, ಅದಕ್ಕೆ ಆಡಿಟ್ ಇರಲಿಲ್ಲವೇ? ಇತ್ತು. ಒಂದಲ್ಲ, ಹಲವು ಇದ್ದವು. ಆದರೆ ಒಂದೊಂದು ವಿಭಾಗದ ಆಡಿಟರು ಆಯಾ ವಿಭಾಗದ ಮುಖ್ಯಸ್ಥನ ಕೈಕೆಳಗೇ ಇದ್ದರು. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಲುಪುತ್ತಿರಲಿಲ್ಲ. ಪ್ರಶ್ನೆ ಕೇಳಿದವರು ಇರಲಿಲ್ಲವೆಂದಲ್ಲ. ಹತ್ತಿ ಹಕ್ಕಿನ ವ್ಯವಹಾರವನ್ನು ನೋಡುತ್ತಿದ್ದ ಹೆನ್ರಿ ಮಾರ್ಷಲ್ ಎಂಬ ಇಲಾಖೆಯ ಅಧಿಕಾರಿ 1961ರ ಜೂನ್‌ನಲ್ಲಿ ತನ್ನ ಜಮೀನಿನಲ್ಲೇ ಹೆಣವಾಗಿ ಸಿಕ್ಕಿದ್ದ. ಮೈಯಲ್ಲಿ ಐದು ಗುಂಡೇಟು. ಮೊದಲು ಅದನ್ನು ಆತ್ಮಹತ್ಯೆ ಎಂದು ಬರೆದರು! ಕೊಲೆ ಎಂದು ದಾಖಲೆ ತಿದ್ದಲು 1980ರ ದಶಕದವರೆಗೆ ಕಾಯಬೇಕಾಯಿತು. ಕೊಂದವರು ಯಾರೆಂದು ನ್ಯಾಯಾಲಯದಲ್ಲಿ ಇವತ್ತಿಗೂ ರುಜುವಾತಾಗಿಲ್ಲ. ಲೆಕ್ಕ ಕೇಳುವ ಕೆಲಸ ಎಂದರೆ ಬರೀ ಪೆನ್ನು ಕಾಗದದ ಕೆಲಸವೆಂದು ಯಾರಾದರೂ ಹೇಳಿದರೆ ನನಗೆ ಈ ಮನುಷ್ಯನ ನೆನಪಾಗುತ್ತದೆ.

ಈ ಹಗರಣದ ನಂತರ 1962ರಲ್ಲಿ ಅಲ್ಲಿನ ಕೃಷಿ ಕಾರ್ಯದರ್ಶಿ, ಅಂದರೆ ನಮ್ಮ ಮಂತ್ರಿಗೆ ಸಮಾನರಾದ ಆರ್ವಿಲ್ ಫ್ರೀಮನ್ ಅವರು ಎಲ್ಲ ಆಡಿಟ್, ತನಿಖೆಗಳನ್ನು ಒಟ್ಟುಗೂಡಿಸಿ ಇನ್‌ಸ್ಪೆಕ್ಟರ್ ಜನರಲ್ ಎಂಬ ಒಬ್ಬ ಅಧಿಕಾರಿಯ ಕೈಗೆ ಕೊಟ್ಟರು. ನಮ್ಮ ಪೊಲೀಸ್ ಐ.ಜಿ. ಅಲ್ಲ, ಇವರು ಇಲಾಖೆಯೊಳಗೇ ಇದ್ದು ಇಲಾಖೆಯನ್ನೇ ಪರೀಕ್ಷಿಸುವವರು. ವ್ಯವಸ್ಥೆ ಚೆನ್ನಾಗಿತ್ತು. ಆದರೆ ಅದು ನಿಂತಿದ್ದದ್ದು ಒಬ್ಬ ಮಂತ್ರಿಯ ಆದೇಶದ ಮೇಲೆ. 1974ರಲ್ಲಿ ಇನ್ನೊಬ್ಬ ಕಾರ್ಯದರ್ಶಿ ಅರ್ಲ್ ಬಟ್ಜ್ ಬಂದು ಇನ್ನೊಂದು ಆದೇಶದಿಂದ ಅದನ್ನು ತೆಗೆದುಹಾಕಿದರು. ಮಾಡಿದವನ ಸಹಿ ಎಷ್ಟು ಉದ್ದವೋ ಅಳಿಸಿದವನ ಸಹಿಯೂ ಅಷ್ಟೇ ಉದ್ದ.

ಆಗ ಆ ದೇಶದವರಿಗೆ ಬುದ್ಧಿ ಬಂತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕಾಲದಲ್ಲಿ, 1978ರಲ್ಲಿ, ಕಾನೂನನ್ನೇ ಮಾಡಿದರು. ಕೃಷಿ ಇಲಾಖೆಯೂ ಸೇರಿದಂತೆ ಹನ್ನೆರಡು ಕಡೆ ಇಂಥ ಕಚೇರಿಗಳನ್ನು ಸ್ಥಾಪಿಸಿದರು. ಆ ಕಾನೂನಿನ ಜಾಣತನ ನೋಡಿ. ಆಯ್ಕೆಗೆ ಪಕ್ಷ ನೋಡಬಾರದು, ಪ್ರಾಮಾಣಿಕತೆ ಮತ್ತು ಲೆಕ್ಕ, ಕಾನೂನು, ತನಿಖೆ ಮುಂತಾದ ಕೆಲಸದಲ್ಲಿ ಸಾಮರ್ಥ್ಯ ಮಾತ್ರ ನೋಡಬೇಕು. ಮಾಮೂಲಿಯಾಗಿ ಇಲಾಖೆಯ ಮುಖ್ಯಸ್ಥ "ಈ ಆಡಿಟ್ ಬೇಡ" ಎಂದು ತಡೆಯುವಂತಿಲ್ಲ. ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಮುಖ್ಯಸ್ಥ ಅದಕ್ಕೆ ತನ್ನ ಉತ್ತರ ಸೇರಿಸಬಹುದು, ಆದರೆ ಅದನ್ನು ಮೂವತ್ತು ದಿನದೊಳಗೆ ಅವರ ಸಂಸತ್ತಿಗೆ ಕಳಿಸಲೇಬೇಕು. ತೀರ ಗಂಭೀರ ವಿಷಯವಾದರೆ ಏಳೇ ದಿನ. ವರದಿಗೆ ಇಬ್ಬರು ಓದುಗರು, ಒಬ್ಬ ಮುಚ್ಚಿಟ್ಟರೂ ಇನ್ನೊಬ್ಬನಿಗೆ ಸಿಕ್ಕೇ ಸಿಗುತ್ತದೆ. ಅಧ್ಯಕ್ಷ ಇನ್‌ಸ್ಪೆಕ್ಟರ್ ಜನರಲ್‌ನನ್ನು ತೆಗೆಯಬಹುದು, ಆದರೆ ಕಾರಣವನ್ನು ಸಂಸತ್ತಿಗೆ ತಿಳಿಸಬೇಕು. 2008ರ ತಿದ್ದುಪಡಿಯಿಂದ ಮೂವತ್ತು ದಿನ ಮುಂಚಿತವಾಗಿ ತಿಳಿಸಬೇಕು.

ಇಷ್ಟೆಲ್ಲ ಇದ್ದೂ ಏನಾಯಿತು? 1981ರಲ್ಲಿ ಅಧ್ಯಕ್ಷ ರೇಗನ್ ಅಧಿಕಾರ ವಹಿಸಿಕೊಂಡ ದಿನವೇ ಎಲ್ಲ ಇನ್‌ಸ್ಪೆಕ್ಟರ್ ಜನರಲ್‌ಗಳನ್ನೂ ತೆಗೆದರು. ಎರಡೂ ಪಕ್ಷದವರು ಗಲಾಟೆ ಮಾಡಿದ ಮೇಲೆ ಕೆಲವರನ್ನು ವಾಪಸ್ ತೆಗೆದುಕೊಂಡರು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಆ ಮೂವತ್ತು ದಿನದ ಮುನ್ಸೂಚನೆ ಕೊಡದೆ ಸುಮಾರು ಹದಿನೇಳು ಮಂದಿಯನ್ನು ಒಂದೇ ಏಟಿಗೆ ತೆಗೆದುಹಾಕಿದರು. ಅವರಲ್ಲಿ ಕೃಷಿ ಇಲಾಖೆಯಲ್ಲಿ 2002ರಿಂದ ಆ ಕುರ್ಚಿಯಲ್ಲಿದ್ದ ಫಿಲ್ಲಿಸ್ ಫಾಂಗ್ ಎಂಬ ಮಹಿಳೆಯೂ ಒಬ್ಬರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರೊಬ್ಬರು ಹಾಗೆ ತೆಗೆದದ್ದು ಕಾನೂನಿಗೆ ವಿರುದ್ಧ ಎಂದರು, ಆದರೆ ವಾಪಸ್ ಕೂರಿಸಲಿಲ್ಲ. ಆದೇಶಕ್ಕಿಂತ ಕಾನೂನು ಗಟ್ಟಿ, ನಿಜ. ಆದರೆ ಕಾನೂನೂ ತಾನಾಗಿಯೇ ಎದ್ದು ನಿಲ್ಲುವುದಿಲ್ಲ, ಹಿಂದೆ ನಿಂತು ಕೇಳುವ ಜನ ಬೇಕು.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮ ಸಂವಿಧಾನ ಬರೆದವರು ಈ ವಿಷಯದಲ್ಲಿ ಬಹಳ ಮುಂದಾಲೋಚನೆ ಮಾಡಿದ್ದರು. 1949ರಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು, ಮಹಾಲೇಖಪಾಲರು ಬಹುಶಃ ಸಂವಿಧಾನದಲ್ಲೇ ಅತ್ಯಂತ ಮುಖ್ಯ ಅಧಿಕಾರಿ ಎಂಬರ್ಥದ ಮಾತನಾಡಿದರು. 148ರಿಂದ 151ರವರೆಗಿನ ವಿಧಿಗಳಲ್ಲಿ ಆ ಕುರ್ಚಿಗೆ ಕಾವಲು ಹಾಕಿದ್ದಾರೆ. ನೇಮಕ ರಾಷ್ಟ್ರಪತಿಗಳಿಂದ. ತೆಗೆಯಬೇಕಾದರೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. ಸಂಬಳದ ಹಣಕ್ಕೆ ಸಂಸತ್ತಿನಲ್ಲಿ ಮತ ಹಾಕುವಂತಿಲ್ಲ. ಅಂದರೆ ಕೋಪ ಬಂದರೆ ಸಂಬಳ ಕತ್ತರಿಸಲು ಬರುವುದಿಲ್ಲ. ಆ ಹುದ್ದೆಯಿಂದ ಇಳಿದ ಮೇಲೆ ಕೇಂದ್ರ ಅಥವಾ ರಾಜ್ಯ ಸರ್ಕಾರದ ಕೈಕೆಳಗೆ ಬೇರೆ ನೌಕರಿ ಹಿಡಿಯುವಂತಿಲ್ಲ. ನಾಳೆ ಏನೋ ಸಿಗುತ್ತದೆ ಎಂಬ ಆಸೆಯೇ ಇವತ್ತಿನ ಪೆನ್ನನ್ನು ಮೊಂಡು ಮಾಡುತ್ತದೆ ಎಂದು ಅವರಿಗೆ ಗೊತ್ತಿತ್ತು.

ಆ ಕುರ್ಚಿಯ ಬಲ ನಮ್ಮ ಕಾಲದಲ್ಲೇ ಕಂಡಿದ್ದೇವೆ. ಟಿ.ಎನ್. ಚತುರ್ವೇದಿಯವರು, ಮುಂದೆ 2002ರಿಂದ 2007ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದವರು, ಮಹಾಲೇಖಪಾಲರಾಗಿದ್ದಾಗ 1989ರಲ್ಲಿ ಬೋಫೋರ್ಸ್ ಫಿರಂಗಿಯ ವರದಿ ಬಂತು. ಲೋಕಸಭೆಯಲ್ಲಿ ದೊಡ್ಡ ಕೋಲಾಹಲವೇ ಆಗಿ ವಿರೋಧ ಪಕ್ಷದ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. 2010ರಲ್ಲಿ ಟೆಲಿಫೋನ್ ತರಂಗಾಂತರದ ವರದಿ ಬಂತು. 1.76 ಲಕ್ಷ ಕೋಟಿ ರೂಪಾಯಿಯ ಅಂದಾಜು ನಷ್ಟ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಓಡಾಡಿತು. 2012ರಲ್ಲಿ ಸುಪ್ರೀಂ ಕೋರ್ಟು 122 ಪರವಾನಗಿಗಳನ್ನು ರದ್ದು ಮಾಡಿತು. ಆದರೆ 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಎರಡನ್ನೂ ನೆನಪಿಡಬೇಕು. ಆಡಿಟರು ನ್ಯಾಯಾಧೀಶನಲ್ಲ. ಅವನು ಹೇಳುವುದು "ಇಲ್ಲಿ ಲೆಕ್ಕ ಕೂಡುವುದಿಲ್ಲ, ನೋಡಿ" ಎಂದಷ್ಟೇ. ಕಳ್ಳ ಯಾರೆಂದು ತೀರ್ಮಾನಿಸುವವರು ಬೇರೆ.

ನಮ್ಮ ರಾಜ್ಯದಲ್ಲೂ ಅಮೆರಿಕದ ಪಾಠವನ್ನೇ ಹೋಲುವ ಒಂದು ಪ್ರಸಂಗ ನಡೆಯಿತು. 1984ರ ಕಾನೂನಿನಂತೆ ಬಂದ ಲೋಕಾಯುಕ್ತದ ಪೊಲೀಸ್ ವಿಭಾಗಕ್ಕೆ ಭ್ರಷ್ಟಾಚಾರದ ಪ್ರಕರಣ ದಾಖಲಿಸಿ ತನಿಖೆ ಮಾಡುವ ಅಧಿಕಾರವಿತ್ತು. 2016ರಲ್ಲಿ ಒಂದು ಸರ್ಕಾರಿ ಆದೇಶದಿಂದ ಆ ಕೆಲಸ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹೋಯಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ವಾಪಸ್ ಕೊಡಿಸಿತು. ಆದ್ದರಿಂದ ಯಾವುದೇ ಕಾವಲಿನ ಕಚೇರಿಯನ್ನು ನೋಡಿದರೂ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಇವನನ್ನು ಕೂರಿಸಿದವರು ಯಾರು? ಏಳಿಸುವವರು ಯಾರು? ಅನ್ನ ಹಾಕುವವರು ಯಾರು? ಬರೆದದ್ದನ್ನು ಓದುವವರು ಯಾರು? ನಾಲ್ಕಕ್ಕೂ "ಲೆಕ್ಕ ಕೊಡಬೇಕಾದವನೇ" ಎಂಬ ಉತ್ತರ ಬಂದರೆ, ಅಲ್ಲಿ ಬೇಲಿಯೇ ಎದ್ದು ಹೊಲ ಮೇಯಲು ಹೆಚ್ಚು ದಿನ ಬೇಕಾಗುವುದಿಲ್ಲ.

ಕಚೇರಿಯ ಮುಖ್ಯಸ್ಥನಾಗಿ ನಾನು ಮಾಡಿದ್ದು ದೊಡ್ಡದೇನಲ್ಲ. ಕೆಲವು ಸಣ್ಣ ಕಟ್ಟುಪಾಡು ಹಾಕಿಕೊಂಡೆವು. ಒಬ್ಬ ಆಡಿಟರು ಒಂದು ಸಂಘಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ಹೋಗಬಾರದು. ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಸಂಘದಲ್ಲಿ ಕಾಫಿ ಕುಡಿಯಿರಿ, ಊಟ ಬೇಡ. ಇದಕ್ಕೆ ನಮ್ಮ ಹುಡುಗರು ನನಗೆ "ಬುತ್ತಿ ಸಾಹೇಬ" ಎಂದು ಹೆಸರಿಟ್ಟಿದ್ದರು. ಸಂಘದೊಳಗೆ ಕಾಲಿಟ್ಟ ತಕ್ಷಣ ಮೊದಲ ಕೆಲಸ ನಗದು ಎಣಿಸುವುದು, ಪುಸ್ತಕ ಆಮೇಲೆ. ಕರಡು ವರದಿಯನ್ನು ಸಂಘಕ್ಕೆ ತೋರಿಸಿ ಅವರ ಉತ್ತರ ಬರೆಸಿಕೊಳ್ಳಬೇಕು. ಬರೆದ ಆಕ್ಷೇಪಣೆಯನ್ನು ಕೈಬಿಡಬೇಕಾದರೆ ಕಾರಣ ಬರೆದೇ ಬಿಡಬೇಕು, ಅದು ನಾನೇ ಹೇಳಿದರೂ ಸರಿ.

ಒಂದು ಸಲ ನಮ್ಮ ಕಚೇರಿಯ ಹುಡುಗನೊಬ್ಬ ಒಂದು ಸಂಘದಲ್ಲಿ ಪಶು ಆಹಾರದ ದಾಸ್ತಾನು ಎಣಿಸಿದ. ಪುಸ್ತಕದಲ್ಲಿದ್ದ ಮೂಟೆಗಳು ಗೋಡೌನಿನಲ್ಲಿರಲಿಲ್ಲ. ಅಂದು ಸಂಜೆಯೇ ನನಗೆ ಫೋನು. ಆ ಭಾಗದ ಒಬ್ಬ ದೊಡ್ಡ ಮನುಷ್ಯರು. "ಆ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ, ಇಲ್ಲದಿದ್ದರೆ ಬೇರೆ ಕಡೆ ಹಾಕಿಸಬೇಕಾಗುತ್ತೆ" ಎಂದರು. ನನಗೂ ಎದೆ ಹೊಡೆದುಕೊಂಡಿತು, ಸುಳ್ಳು ಯಾಕೆ ಹೇಳಲಿ. ಮಗಳ ಪರೀಕ್ಷೆ ಹತ್ತಿರ ಇತ್ತು, ವರ್ಗವಾದರೆ ಮನೆ ಎತ್ತಬೇಕು. ಆದರೂ ಹೇಳಿದೆ: "ತಾವು ಹೇಳಿದ್ದನ್ನೇ ಒಂದು ಕಾಗದದಲ್ಲಿ ಬರೆದು ಕಳಿಸಿ ಸ್ವಾಮಿ, ವರದಿಯ ಜೊತೆ ಲಗತ್ತಿಸುತ್ತೇನೆ." ಆ ಕಾಗದ ಇವತ್ತಿಗೂ ಬಂದಿಲ್ಲ. ಆ ಹುಡುಗ ಸಣ್ಣವನು, ಅವನಿಗೆ ಬೆನ್ನೆಲುಬು ಇತ್ತು. ಆದರೆ ಬೆನ್ನೆಲುಬಿನ ಹಿಂದೆ ಒರಗಲು ಒಂದು ಗೋಡೆಯೂ ಬೇಕಲ್ಲ. ಮುಖ್ಯಸ್ಥನಾದವನ ಅರ್ಧ ಕೆಲಸ ಆ ಗೋಡೆಯಾಗಿ ನಿಲ್ಲುವುದು.

ಇನ್ನರ್ಧ ಕೆಲಸ, ತಪ್ಪಾದಾಗ ತಲೆ ಬಗ್ಗಿಸುವುದು. ಅದನ್ನೂ ಹೇಳಬೇಕು. ಇನ್ನೊಂದು ಸಂಘದಲ್ಲಿ ನಮ್ಮವರು ಹಾಲಿನ ಲೆಕ್ಕದಲ್ಲಿ ವ್ಯತ್ಯಾಸವಿದೆ ಎಂದು ಹಾಲು ಪರೀಕ್ಷಕನ ಮೇಲೆ ಬರೆದರು. ನಾನೂ ಸಹಿ ಹಾಕಿದೆ. ಊರಲ್ಲಿ ಸುದ್ದಿ ಹಬ್ಬಿತು. ಆ ಯುವಕ ಎರಡು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ನೋಡಿದರೆ ನಮ್ಮವರೇ ಒಂದು ವಾರದ ಸಂಜೆ ಹಾಲನ್ನು ಎರಡು ಸಲ ಕೂಡಿದ್ದರು! ನಾನೇ ಆ ಊರಿನ ಮಹಾಸಭೆಗೆ ಹೋಗಿ, ಎಲ್ಲರೆದುರು ಎದ್ದು ನಿಂತು, ತಪ್ಪು ನಮ್ಮದು ಎಂದು ಹೇಳಿ, ಅದನ್ನೇ ಬರೆದು ಕೊಟ್ಟು ಬಂದೆ. ಸ್ವತಂತ್ರ ಎಂದರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂದಲ್ಲ. ಲೆಕ್ಕ ಕೇಳುವವನಿಗೂ ಲೆಕ್ಕ ಕೇಳುವವರು ಇರಬೇಕು.

ಈಗ ನಿಮ್ಮ ವಿಷಯ. ನಮ್ಮ ಸಹಕಾರ ಚಳವಳಿ ಲೆಕ್ಕಪರಿಶೋಧನೆಯ ಜೊತೆಯಲ್ಲೇ ಹುಟ್ಟಿದ್ದು. 1904ರ ಕಾನೂನಿನಲ್ಲೇ ಪ್ರತಿ ಸಂಘದ ಲೆಕ್ಕವನ್ನೂ ವರ್ಷಕ್ಕೊಮ್ಮೆ ರಿಜಿಸ್ಟ್ರಾರರು ಪರಿಶೋಧಿಸಬೇಕೆಂದು ಇತ್ತು. ಆ ಕಾನೂನಿನಡಿ 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ನಮ್ಮ ಸಹಕಾರ ಚಳವಳಿಯ ಮೊದಲ ದೀಪ. ಸಂಘಗಳನ್ನು ಹುಟ್ಟುಹಾಕಿ ಬೆಳೆಸುವವರೂ ರಿಜಿಸ್ಟ್ರಾರರು, ಲೆಕ್ಕ ನೋಡುವವರೂ ಅವರೇ ಎಂಬುದು ಅಂದಿನ ಸ್ಥಿತಿ. ಮುಂದೆ ನಮ್ಮ ರಾಜ್ಯದಲ್ಲಿ ಸಹಕಾರ ಲೆಕ್ಕಪರಿಶೋಧನೆಗೆ ಪ್ರತ್ಯೇಕ ನಿರ್ದೇಶಕರು ಬಂದರು. 1959ರ ನಮ್ಮ ಸಹಕಾರ ಸಂಘಗಳ ಅಧಿನಿಯಮದ 63ನೇ ಪ್ರಕರಣ ಎಲ್ಲ ಕಾರ್ಯದರ್ಶಿಗಳಿಗೂ ಬಾಯಿಪಾಠ. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೇ ತಿದ್ದುಪಡಿಯ ನಂತರ ರಾಜ್ಯದ ಕಾನೂನೂ ಬದಲಾಗಿ, ಅನುಮೋದಿತ ಪಟ್ಟಿಯಿಂದ ಲೆಕ್ಕಪರಿಶೋಧಕರನ್ನು ಆರಿಸುವ ಹಕ್ಕು ಮಹಾಸಭೆಗೆ, ಅಂದರೆ ನಿಮಗೆ ಬಂತು. ಆ ತಿದ್ದುಪಡಿಯನ್ನು ರಾಜ್ಯದ ಸಂಘಗಳ ಮಟ್ಟಿಗೆ ಸುಪ್ರೀಂ ಕೋರ್ಟು 2021ರಲ್ಲಿ ರದ್ದು ಮಾಡಿತು. ಆದರೆ ಮಹಾಸಭೆಯೇ ಯಜಮಾನ ಎಂಬ ತತ್ವ ಹಳೆಯದು, ಅದನ್ನು ಯಾರೂ ರದ್ದು ಮಾಡಿಲ್ಲ.

ಹಕ್ಕೇನೋ ಬಂತು. ನಡೆಯುವುದು ಹೇಗೆ? ನಾನು ಎಷ್ಟೋ ಮಹಾಸಭೆಗಳನ್ನು ನೋಡಿದ್ದೇನೆ. ಹನ್ನೊಂದು ಗಂಟೆಗೆ ಸಭೆ, ಒಂದು ಗಂಟೆಗೆ ಊಟ. ಪಾಯಸದ ವಾಸನೆ ಬರುವ ಹೊತ್ತಿಗೆ ಕಾರ್ಯದರ್ಶಿ ಓದುತ್ತಾರೆ: "ಲೆಕ್ಕಪರಿಶೋಧಕರ ನೇಮಕ, ಹೋದ ವರ್ಷದವರನ್ನೇ ಮುಂದುವರಿಸಲು..." ಪೂರ್ತಿ ಓದುವ ಮುಂಚೆಯೇ ಚಪ್ಪಾಳೆ. ಹಾಗಾದರೆ ಆಡಿಟರನ್ನು ಆರಿಸಿದವರು ಯಾರು? ಲೆಕ್ಕ ಕೊಡಬೇಕಾದವರೇ ಆರಿಸಿದರು, ಲೆಕ್ಕ ಕೇಳಬೇಕಾದವರು ಚಪ್ಪಾಳೆ ತಟ್ಟಿದರು. ಟೆಕ್ಸಾಸಿನ ರೈತರು ನೋಡದ ಟ್ಯಾಂಕಿಗೆ ಸಹಿ ಹಾಕಿದ್ದಕ್ಕೂ ನಾವು ಓದದ ವರದಿಗೆ ಕೈಯೆತ್ತುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು. ನಾನು ಅವರ ಪರವಾಗಿಯೇ ಮಾತಾಡುತ್ತಿದ್ದೇನೆ. ಗಟ್ಟಿ ಆಡಿಟ್ ಪ್ರಾಮಾಣಿಕ ಕಾರ್ಯದರ್ಶಿಗೆ ಕೊಡೆ ಇದ್ದ ಹಾಗೆ. ಊರಲ್ಲಿ ಗುಸುಗುಸು ಎದ್ದಾಗ "ತಗೊಳ್ಳಿ, ನೋಡಿ" ಎಂದು ತೋರಿಸಲು ಒಂದು ಕಾಗದ ಇರುತ್ತದೆ. ನನ್ನ ಮೊದಲ ಕಥೆಯ ಆ ಒಳ್ಳೆಯ ಮನುಷ್ಯನನ್ನು ಹಾಳು ಮಾಡಿದ್ದು ಕಠಿಣವಾದ ಆಡಿಟ್ ಅಲ್ಲ. ನನ್ನ ಮೆತ್ತನೆಯ ಆಡಿಟ್.

ಆದ್ದರಿಂದ ನಿಮ್ಮ ಹತ್ತಿರ ಮೂರು ಬೇಡಿಕೆ. ಒಂದು, ಮುಂದಿನ ಮಹಾಸಭೆಯಲ್ಲಿ ಲೆಕ್ಕಪರಿಶೋಧನಾ ವರದಿಯ ಆಕ್ಷೇಪಣೆಗಳನ್ನೂ, ಅದಕ್ಕೆ ಸಂಘ ಕೊಟ್ಟ ಅನುಪಾಲನಾ ವರದಿಯನ್ನೂ ಊಟಕ್ಕೆ ಮುಂಚೆ ಗಟ್ಟಿಯಾಗಿ ಓದಿಸಿ. 'ಎ' ವರ್ಗ, 'ಬಿ' ವರ್ಗ ಎಂಬ ಅಕ್ಷರ ಮಾತ್ರ ಕೇಳಿ ಸಮಾಧಾನ ಪಡಬೇಡಿ. ಎರಡು, ಆಡಿಟರನ್ನು ಆರಿಸುವಾಗ ಪಟ್ಟಿಯನ್ನು ಸಭೆಯ ಮುಂದಿಡಿಸಿ, ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಿ. ಮೂರು, ಆಡಿಟರು ಬಂದ ದಿನ ಸಂಘದ ಬಾಗಿಲು ತೆರೆದಿರಲಿ, ಯಾವ ಸದಸ್ಯನಾದರೂ ತನ್ನ ಪಾಸ್‌ಬುಕ್ ಹಿಡಿದು ಹೋಗಿ "ನನ್ನ ಲೆಕ್ಕ ಸರಿ ಇದೆಯೇ, ತಾಳೆ ನೋಡಿ ಸ್ವಾಮಿ" ಎಂದು ಕೇಳುವಂತಿರಲಿ. ತಾಯಂದಿರೇ, ವಿಶೇಷವಾಗಿ ನಿಮಗೆ ಹೇಳುತ್ತೇನೆ. ಹಸು ತೊಳೆಯುವವರು ನೀವು, ಹಾಲು ಕರೆಯುವವರು ನೀವು. ಮಹಾಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಸೆರಗು ಸರಿ ಮಾಡಿಕೊಂಡು ಎದ್ದು ಹೋಗಬೇಡಿ. ನನ್ನ ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನ್ನನ್ನು ಸರಿಯಾಗಿ ಆಡಿಟ್ ಮಾಡಿದವರು ಒಬ್ಬರೇ. ಓದು ಬರಹ ಬಾರದ ಆ ಮುದುಕಿ.

ಹಾಗಾದರೆ ಲೆಕ್ಕ ನೋಡುವವನ ಕುರ್ಚಿ ಎಲ್ಲಿರಬೇಕು? ಮನೆಯೊಳಗೇ ಇರಬೇಕು, ಉಗ್ರಾಣದ ಬಾಗಿಲು ಕಾಣುವಂತಿರಬೇಕು, ಆದರೆ ಊಟದ ಪಂಕ್ತಿಯಲ್ಲಿ ಇರಬಾರದು. ಮತ್ತು ಆ ಕುರ್ಚಿಯ ಮುಖ ಸದಾ ನಿಮ್ಮ ಕಡೆಗೆ, ಸದಸ್ಯರ ಕಡೆಗೆ ಇರಬೇಕು.

ನಿಮ್ಮ ಸಂಘ ಇಪ್ಪತ್ತೈದು ವರ್ಷ ನಡೆದು ಬಂದಿದೆ. ಸುವರ್ಣ ಮಹೋತ್ಸವದ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಆ ದಿನದ ಸ್ಮರಣ ಸಂಚಿಕೆಯಲ್ಲಿ ಐವತ್ತು ವರ್ಷದ ಲೆಕ್ಕವನ್ನು ಯಾವ ಅಳುಕೂ ಇಲ್ಲದೆ ಅಚ್ಚು ಹಾಕಿಸುವಂತಾಗಲಿ ಎಂದು ಹಾರೈಸುತ್ತೇನೆ.  ಇನ್ನು ಊಟಕ್ಕೆ ಏಳೋಣ. ನಾನು ನಿವೃತ್ತನಾಗಿದ್ದೇನೆ, ಇವತ್ತು ನಿಮ್ಮ ಪಂಕ್ತಿಯಲ್ಲಿ ಕೂತರೆ ತಪ್ಪಿಲ್ಲ.